ಫ್ರೀಲಾನ್ಸರ್‌ಗಳಿಗೆ ಕೆಲಸ ಒಪ್ಪಿಸುವ ಮುನ್ನ ಏನೇನನ್ನು ಇತ್ಯರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ

ನಾನು ನಾಲ್ಕು ಜನರಿರುವ ಒಂದು ಸಣ್ಣ ಉದ್ಯಮವನ್ನು ನಡೆಸುತ್ತಿದ್ದೇನೆ. ಜಾಲತಾಣ ಕಟ್ಟುವುದು, ಉತ್ಪನ್ನಗಳ ವಿವರಣೆ ಬರೆಸುವುದು, ತಿಂಗಳ ಲೆಕ್ಕಪತ್ರ ಹೊಂದಿಸುವುದು ಇವೆಲ್ಲ ನಮಗೆ ಬೇಕೇ ಬೇಕಾದ ಕೆಲಸಗಳು. ಆದರೆ ಒಂದೊಂದಕ್ಕೂ ಒಬ್ಬೊಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವಷ್ಟು ಕೆಲಸವೂ ಇಲ್ಲ, ಶಕ್ತಿಯೂ ಇಲ್ಲ. ಹಾಗಾಗಿ ಫ್ರೀಲಾನ್ಸರ್‌ಗಳನ್ನು ಅವಲಂಬಿಸಿದ್ದೇನೆ. ಇದುವರೆಗಿನ ಎರಡು ಅನುಭವಗಳೂ ಚೆನ್ನಾಗಿರಲಿಲ್ಲ. ತಪ್ಪು ಎಲ್ಲಾಯಿತೆಂಬುದು ನನಗೆ ಇನ್ನೂ ಪೂರ್ತಿಯಾಗಿ ತಿಳಿಯದ ಕಾರಣ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಮೊದಲ ಜಾಲತಾಣವನ್ನು ಕಟ್ಟಿಕೊಟ್ಟ ಡೆವಲಪರ್ ಒಳ್ಳೆಯ ಕೆಲಸಗಾರರು. ಹೇಳಿದ ದಿನಕ್ಕೆ ಕೆಲಸ ಮುಗಿಸಿದರು, ನಾನೂ ಪೂರ್ತಿ ಹಣ ಕೊಟ್ಟೆ. ಆದರೆ ತಾಣದ ವಿಳಾಸವಾದ ಡೊಮೇನ್ ಹೆಸರನ್ನೂ, ತಾಣವನ್ನು ಅಂತರಜಾಲದಲ್ಲಿ ಇಡುವ ಬಾಡಿಗೆ ಜಾಗವಾದ ಹೋಸ್ಟಿಂಗನ್ನೂ ಅವರು ತಮ್ಮ ಸ್ವಂತ ಖಾತೆಯಲ್ಲೇ ಖರೀದಿಸಿದ್ದರು. ನನಗೆ ಆಗ ಅದರ ಅರ್ಥ ತಿಳಿದಿರಲಿಲ್ಲ, ನಾನು ಕೇಳಲೂ ಇಲ್ಲ. ಒಂದೂವರೆ ವರ್ಷದ ನಂತರ ನವೀಕರಣದ ಸೂಚನೆಗಳೆಲ್ಲ ಅವರ ಹಳೆಯ ಇಮೇಲ್‌ಗೆ ಹೋದವು, ಅವರು ಬೇರೆ ಉದ್ಯೋಗಕ್ಕೆ ಸೇರಿದ್ದರು, ನಮ್ಮ ತಾಣ ಒಂಬತ್ತು ದಿನ ಮುಚ್ಚಿಹೋಯಿತು. ಕೊನೆಗೆ ಅವರು ಸಿಕ್ಕಿದರು, ನವೀಕರಣವೂ ಆಯಿತು, ಆದರೆ ಡೊಮೇನ್ ಇಂದಿಗೂ ಅವರ ಹೆಸರಿನಲ್ಲೇ ಇದೆ.

ಎರಡನೆಯದು ಬರವಣಿಗೆಯ ಕೆಲಸ. ನಲವತ್ತು ಉತ್ಪನ್ನಗಳ ವಿವರಣೆಯನ್ನು ಒಬ್ಬ ಬರಹಗಾರ್ತಿಗೆ ಒಪ್ಪಿಸಿದೆ. "ಆಕರ್ಷಕವಾಗಿರಲಿ, ತುಂಬಾ ಉದ್ದ ಬೇಡ" ಎಂದಷ್ಟೇ ಹೇಳಿದ್ದೆ. ಬಂದದ್ದು ನನಗೆ ಹಿಡಿಸಲಿಲ್ಲ, ಏಕೆ ಹಿಡಿಸಲಿಲ್ಲವೆಂದು ವಿವರಿಸಲೂ ನನ್ನಿಂದಾಗಲಿಲ್ಲ. ಐದು ಬಾರಿ ತಿದ್ದಿಸಿದ ಮೇಲೆ ಇಬ್ಬರಿಗೂ ಬೇಸರವಾಗಿ, ಅರ್ಧ ಹಣ ಕೊಟ್ಟು ಕೆಲಸವನ್ನು ನಿಲ್ಲಿಸಿದೆ.

ಈಗ ಮೂರು ಕೆಲಸಗಳು ಎದುರಿಗಿವೆ: ಆರ್ಡರ್ ಪಡೆಯುವ ವ್ಯವಸ್ಥೆಯುಳ್ಳ ಹೊಸ ಜಾಲತಾಣ, ಸುಮಾರು 120 ಉತ್ಪನ್ನಗಳ ವಿವರಣೆ, ಮತ್ತು ಪ್ರತಿ ತಿಂಗಳ ಲೆಕ್ಕಪತ್ರ. ಜಾಲವೇದಿಕೆಗಳ ಮೂಲಕ ಜನರನ್ನು ಹುಡುಕುವುದು ಒಳ್ಳೆಯದೇ, ಪರಿಚಿತರ ಶಿಫಾರಸು ಒಳ್ಳೆಯದೇ? ಒಟ್ಟು ಮೊತ್ತ ನಿಗದಿ ಮಾಡಬೇಕೇ, ಗಂಟೆಯ ಲೆಕ್ಕದಲ್ಲಿ ಕೊಡಬೇಕೇ? ಕೆಲಸ ಕೊಡುವ ಮುನ್ನ ಒಬ್ಬರ ಸಾಮರ್ಥ್ಯವನ್ನು ಹೇಗೆ ತಿಳಿಯುವುದು? ಕರಾರಿನಲ್ಲಿ ಯಾವ ಮಾತುಗಳು ತಪ್ಪದೆ ಇರಬೇಕು? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1

ನಾನು ಹತ್ತು ವರ್ಷಗಳಿಂದ ಬೇರೆ ಬೇರೆ ಕೆಲಸಗಳಿಗೆ ಫ್ರೀಲಾನ್ಸರ್‌ಗಳನ್ನು ನೇಮಿಸುತ್ತಾ ಬಂದಿದ್ದೇನೆ. ನಿಮ್ಮ ಎರಡೂ ಪ್ರಸಂಗಗಳನ್ನು ಓದಿದಾಗ, ನಿಮಗೆ ಕೆಟ್ಟ ಕೆಲಸಗಾರರು ಸಿಕ್ಕಿದ್ದರೆಂದು ನನಗೆ ಅನ್ನಿಸಲಿಲ್ಲ. ಇಬ್ಬರೂ ಕೆಲಸ ಬಲ್ಲವರೇ. ಯಾವ ಸ್ಥಿತಿಗೆ ಬಂದರೆ ಕೆಲಸ ಮುಗಿದಂತೆ ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. ಜಾಲತಾಣದ ವಿಷಯದಲ್ಲಿ "ತಾಣ ತೆರೆದುಕೊಂಡಿತು" ಎಂಬುದೇ ಮುಕ್ತಾಯವೆಂದು ಇಬ್ಬರೂ ಭಾವಿಸಿದಿರಿ. ಕೀಲಿಗಳ ಹಸ್ತಾಂತರವೂ ಆ ಕೆಲಸದ ಭಾಗವೆಂದು ಯಾರಿಗೂ ಹೊಳೆಯಲಿಲ್ಲ. ಬರವಣಿಗೆಯ ವಿಷಯದಲ್ಲಿ "ಆಕರ್ಷಕ" ಎಂಬುದು ನಿಮ್ಮ ಮನಸ್ಸಿನಲ್ಲಿ ಮಾತ್ರ ಇದ್ದ ಅಳತೆ. ಅದರಿಂದ ಬೇರೆಯವರು ಅಳೆಯಲಾರರು.

ವಿವರಣೆಗಳ ಕೆಲಸಕ್ಕೆ ಹೀಗೆ ಮಾಡಿ. 120 ಉತ್ಪನ್ನಗಳಲ್ಲಿ ಒಂದಕ್ಕೊಂದು ಹೋಲದ ಮೂರನ್ನು ಆರಿಸಿ, ಅವುಗಳ ವಿವರಣೆಯನ್ನು ನೀವೇ ಬರೆಯಲು ಯತ್ನಿಸಿ. ಬರವಣಿಗೆ ಚೆನ್ನಾಗಿರಬೇಕೆಂದೇನಿಲ್ಲ. ಬರೆಯುವಾಗ ನಿಮಗೆ ಏನು ಬೇಕೆಂಬುದು ನಿಮಗೇ ತಿಳಿಯುತ್ತದೆ, ನಾನು ಈ ಶ್ರಮವನ್ನು ಕೇಳುತ್ತಿರುವುದು ಅದಕ್ಕಾಗಿಯೇ. ಓದುವವರು ಮೊದಲ ಬಾರಿ ಕೊಳ್ಳುವವರೇ, ಆ ವಸ್ತುವನ್ನು ಬಲ್ಲವರೇ? ಅಳತೆ, ತೂಕ, ವಸ್ತು, ನಿರ್ವಹಣೆ ಇವೆಲ್ಲ ಪ್ರತಿಯೊಂದರಲ್ಲೂ ಬರಬೇಕೇ? ಎಷ್ಟು ಪದಗಳು? ಯಾವ ಮಾತನ್ನು ಹೇಳಲೇಬಾರದು? ಈ ಕೊನೆಯ ಪ್ರಶ್ನೆಯನ್ನು ಬಹಳ ಮಂದಿ ಮರೆಯುತ್ತಾರೆ. ಉತ್ಪನ್ನದಲ್ಲಿ ಇಲ್ಲದ ಗುಣವನ್ನು ಬರಹಗಾರರು ಉತ್ಸಾಹದಲ್ಲಿ ಸೇರಿಸಿಬಿಟ್ಟರೆ ಗ್ರಾಹಕರಿಗೆ ಉತ್ತರ ಹೇಳಬೇಕಾದವರು ನೀವು. ಇಷ್ಟನ್ನು ಒಂದು ಪುಟದಲ್ಲಿ ಬರೆದು, ಪ್ರತಿ ಉತ್ಪನ್ನದ ವಾಸ್ತವ ವಿವರಗಳ ಪಟ್ಟಿಯನ್ನು ಜೊತೆಗಿಟ್ಟು, ಮೊದಲು ಐದನ್ನು ಮಾತ್ರ ಬರೆಸಿ. ಆ ಐದರ ಮೇಲೆ ಮನಸ್ಸಿಟ್ಟು ಟಿಪ್ಪಣಿ ಮಾಡಿ ಇಬ್ಬರೂ ಒಪ್ಪಿದ ಮೇಲೆ ಇಪ್ಪತ್ತಿಪ್ಪತ್ತರ ಕಂತಿನಲ್ಲಿ ಮುಂದುವರಿಯಿರಿ. ನಲವತ್ತನ್ನೂ ಒಮ್ಮೆಗೇ ಬರೆಸಿದ್ದರಿಂದ, ಮೊದಲನೆಯದರಲ್ಲೇ ತಿದ್ದಬಹುದಾಗಿದ್ದ ದೋಷ ನಲವತ್ತು ಬಾರಿ ಮರುಕಳಿಸಿತು.

ಜಾಲತಾಣಕ್ಕೆ ನನ್ನ ಸಲಹೆ ಬೇರೆ. ಇಡೀ ತಾಣಕ್ಕೆ ಒಂದೇ ಬಾರಿ ದರ ಕೇಳಬೇಡಿ. ಏನನ್ನು ಕಟ್ಟಬೇಕೆಂಬುದು ಸ್ಪಷ್ಟವಾಗುವ ಮುನ್ನ ಕೊಟ್ಟ ದರ ಬರಿಯ ಊಹೆಯಾಗಿರುತ್ತದೆ, ಮತ್ತು ಅತಿ ಕಡಿಮೆ ದರ ಹೇಳಿದವರು ಸಾಮಾನ್ಯವಾಗಿ ಕೆಲಸದ ಅರ್ಧವನ್ನು ಗಮನಿಸದವರೇ ಆಗಿರುತ್ತಾರೆ. ಮೊದಲ ಹಂತವಾಗಿ, ನಿಮ್ಮ ವ್ಯವಹಾರವನ್ನು ಅರಿತು, ಯಾವ ಯಾವ ಪುಟಗಳು, ಆರ್ಡರ್ ಬಂದಾಗ ಏನಾಗಬೇಕು, ಹಣ ಮರಳಿಸುವಾಗ ಏನಾಗಬೇಕು, ದಾಸ್ತಾನು ಮುಗಿದಾಗ ತಾಣ ಏನು ತೋರಿಸಬೇಕು ಎಂಬುದನ್ನೆಲ್ಲ ಬರೆದುಕೊಡುವ ಒಂದು ಚಿಕ್ಕ ಕೆಲಸವನ್ನು ಹಣ ಕೊಟ್ಟು ಮಾಡಿಸಿ. ಆ ಬರಹ ನಿಮ್ಮ ಸ್ವತ್ತು. ಅದೇ ವ್ಯಕ್ತಿಯಿಂದ ಮುಂದಿನ ಕೆಲಸ ಮಾಡಿಸಬಹುದು, ಅದನ್ನೇ ಹಿಡಿದು ಬೇರೆ ಮೂವರಿಂದ ದರ ಕೇಳಲೂಬಹುದು. ಆ ವ್ಯಕ್ತಿ ನಿಮ್ಮ ಮಾತನ್ನು ಕೇಳಿಸಿಕೊಳ್ಳುತ್ತಾರೆಯೇ, ಸಮಯಕ್ಕೆ ಉತ್ತರಿಸುತ್ತಾರೆಯೇ, ನೀವು ಯೋಚಿಸದ ತೊಡಕನ್ನು ಎತ್ತಿ ತೋರಿಸುತ್ತಾರೆಯೇ ಎಂಬುದು ಎರಡು ವಾರದಲ್ಲಿ ತಿಳಿದುಹೋಗುತ್ತದೆ. ಸಾಮರ್ಥ್ಯವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ವಿಧಾನವನ್ನು ನಾನು ಕಂಡಿಲ್ಲ.

ಹಿಂದಿನ ಕೆಲಸಗಳ ಮಾದರಿಯನ್ನು ನೋಡುವಾಗ "ಇದನ್ನು ನೀವೇ ಮಾಡಿದಿರಾ" ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. ಬದಲಿಗೆ "ಇದರಲ್ಲಿ ನಿಮ್ಮ ಪಾಲು ಯಾವುದು, ಯಾವ ನಿರ್ಧಾರವನ್ನು ನಂತರ ಬದಲಿಸಬೇಕಾಯಿತು, ಏಕೆ" ಎಂದು ಕೇಳಿ. ಮಾಡಿದವರು ಇದಕ್ಕೆ ನಿರರ್ಗಳವಾಗಿ ಉತ್ತರಿಸುತ್ತಾರೆ. ಮಾದರಿಯನ್ನು ಎಲ್ಲಿಂದಲೋ ತಂದವರಿಗೆ ಆ ಮಾತುಕತೆ ಎರಡು ನಿಮಿಷವೂ ಸಾಗುವುದಿಲ್ಲ. ಒಮ್ಮೆಯಾದರೂ ವಿಡಿಯೊ ಕರೆಯಲ್ಲಿ ಮಾತನಾಡಿ, ಏಕೆಂದರೆ ಒಬ್ಬರ ಖಾತೆಯನ್ನು ಇನ್ನೊಬ್ಬರು ಬಳಸಿ ಕೆಲಸ ಹಿಡಿಯುವುದೂ ನಡೆಯುತ್ತದೆ.

ಲೆಕ್ಕಪತ್ರದ ಕೆಲಸಕ್ಕೆ ಕ್ರಮಬದ್ಧತೆಯೇ ಮುಖ್ಯ ಗುಣ. ಯಾವ ತಾರೀಖಿಗೆ ನೀವು ಬಿಲ್ಲುಗಳನ್ನು ಕಳುಹಿಸುತ್ತೀರಿ, ಯಾವ ತಾರೀಖಿಗೆ ಅವರು ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡಿದ ವರದಿಯನ್ನು ಕೊಡುತ್ತಾರೆ ಎಂಬುದನ್ನು ನಿಗದಿ ಮಾಡಿ. ಬ್ಯಾಂಕ್ ಖಾತೆಯನ್ನು ನೋಡುವ ಅನುಮತಿ ಮಾತ್ರ ಕೊಡಿ. ಹಣ ಪಾವತಿಸುವ ಅಧಿಕಾರ ನಿಮ್ಮಲ್ಲೇ ಉಳಿಯಲಿ. ಲೆಕ್ಕ ಬರೆಯುವವರು ಮತ್ತು ಹಣ ಬಿಡುಗಡೆ ಮಾಡುವವರು ಬೇರೆ ಬೇರೆಯಾಗಿರಬೇಕೆಂಬುದು ಲೆಕ್ಕಪರಿಶೋಧನೆಯ ಹಳೆಯ ನಿಯಮ, ನಾಲ್ಕು ಜನರ ಸಂಸ್ಥೆಗೂ ಅದು ಅನ್ವಯಿಸುತ್ತದೆ.

ಉತ್ತರ 2

ನಾನು ಎದುರು ಬದಿಯಲ್ಲಿರುವವಳು. ಹನ್ನೊಂದು ವರ್ಷಗಳಿಂದ ಫ್ರೀಲಾನ್ಸ್ ಬರವಣಿಗೆ ಮತ್ತು ಸಂಪಾದನೆಯ ಕೆಲಸ ಮಾಡುತ್ತಿದ್ದೇನೆ. ಮೇಲಿನ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ. ಆದರೂ ಕೆಲಸ ಮಾಡುವವರ ಕಡೆಯಿಂದ ಕೆಲವು ಮಾತುಗಳನ್ನು ಹೇಳಲೇಬೇಕು.

ಒಳ್ಳೆಯ ಫ್ರೀಲಾನ್ಸರ್‌ಗಳು ಸಹ ಕೆಲಸ ಕೊಡುವವರನ್ನು ಆರಿಸುತ್ತಾರೆ. "ಅನುಭವಿ ಬರಹಗಾರರು ಬೇಕು, ದರ ತಿಳಿಸಿ" ಎಂಬ ಒಂದು ಸಾಲಿನ ಪ್ರಕಟಣೆಯನ್ನು ಕಂಡರೆ ನಾನು ಮುಂದೆ ಹೋಗುತ್ತೇನೆ, ಏಕೆಂದರೆ ಅಷ್ಟರಿಂದ ದರ ಹೇಳಲು ಸಾಧ್ಯವಿಲ್ಲ. ಎಷ್ಟು ಉತ್ಪನ್ನ, ಎಷ್ಟು ಪದ, ಯಾವಾಗ ಬೇಕು, ಅಂತಿಮ ಒಪ್ಪಿಗೆ ಕೊಡುವವರು ಯಾರು, ಸುಮಾರು ಎಷ್ಟು ಹಣ ಇಟ್ಟಿದ್ದೀರಿ ಎಂಬಿಷ್ಟನ್ನು ಬರೆದಿದ್ದರೆ ಗಂಭೀರವಾಗಿ ಯೋಚಿಸಿ ಉತ್ತರಿಸುತ್ತೇನೆ. ಅಂತಿಮ ಒಪ್ಪಿಗೆ ಯಾರದು ಎಂಬುದನ್ನು ವಿಶೇಷವಾಗಿ ಗಮನಿಸಿ. ನಿಮ್ಮ ಸಂಸ್ಥೆಯಲ್ಲಿ ನಾಲ್ವರಿದ್ದೀರಿ. ನಾಲ್ವರೂ ಬೇರೆ ಬೇರೆ ದಿನ ಬೇರೆ ಬೇರೆ ಅಭಿಪ್ರಾಯ ಕಳುಹಿಸಿದರೆ, ಒಬ್ಬರು ತೆಗೆಯಲು ಹೇಳಿದ ವಾಕ್ಯವನ್ನು ಇನ್ನೊಬ್ಬರು ಮರಳಿ ಸೇರಿಸಲು ಹೇಳುತ್ತಾರೆ. ಎಲ್ಲರ ಅಭಿಪ್ರಾಯವನ್ನೂ ಒಬ್ಬರೇ ಸಂಗ್ರಹಿಸಿ, ಒಂದೇ ಪಟ್ಟಿಯಾಗಿ, ನಿಗದಿತ ದಿನದೊಳಗೆ ಕಳುಹಿಸಿ. ಕರಾರಿನಲ್ಲಿ ಕೆಲಸಗಾರರ ಗಡುವಿನಷ್ಟೇ ಸ್ಪಷ್ಟವಾಗಿ ನಿಮ್ಮ ಗಡುವೂ ಇರಬೇಕು. ಕರಡು ತಲುಪಿದ ಐದು ದಿನದಲ್ಲಿ ನಿಮ್ಮ ಟಿಪ್ಪಣಿ ಬಾರದಿದ್ದರೆ ಮುಂದಿನ ತಾರೀಖುಗಳೂ ಅಷ್ಟೇ ದಿನ ಮುಂದಕ್ಕೆ ಹೋಗುತ್ತವೆ ಎಂದು ಬರೆದರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ತಿದ್ದುಪಡಿಯ ಸುತ್ತುಗಳಿಗೆ ಮಿತಿ ಇರಲಿ. ನಾನು ಎರಡು ಸುತ್ತುಗಳನ್ನು ಮೂಲ ದರದಲ್ಲೇ ಸೇರಿಸುತ್ತೇನೆ. ಬರೆದುಕೊಟ್ಟ ಸೂಚನೆಯನ್ನು ನಾನು ಪಾಲಿಸದಿದ್ದರೆ ಅದರ ತಿದ್ದುಪಡಿ ನನ್ನ ಖರ್ಚು, ಸೂಚನೆಯೇ ಬದಲಾದರೆ ಅದು ಹೊಸ ಕೆಲಸ. ಈ ಎರಡರ ನಡುವಿನ ಗೆರೆಯನ್ನು ಎಳೆಯಲು ಬರಹದಲ್ಲಿ ಸೂಚನೆ ಇರಲೇಬೇಕು. ನಿಮ್ಮ ಬರಹಗಾರ್ತಿಯ ಪ್ರಸಂಗವನ್ನು ಓದಿ ನನಗೆ ನಿಜವಾಗಿಯೂ ನೋವಾಯಿತು. ಅವರು ನಲವತ್ತು ವಿವರಣೆಗಳನ್ನು ಬರೆದು, ಐದು ಬಾರಿ ತಿದ್ದಿ, ಅರ್ಧ ಹಣ ಪಡೆದರು. ಸೂಚನೆ ಅಸ್ಪಷ್ಟವಾಗಿದ್ದುದು ಅವರ ತಪ್ಪಾಗಿರಲಿಲ್ಲ. ನಿಮ್ಮನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ, ನೀವೇ ಪ್ರಾಮಾಣಿಕವಾಗಿ ಬರೆದುಕೊಂಡಿದ್ದೀರಿ. ಕೆಲಸವನ್ನು ನಡುವೆ ನಿಲ್ಲಿಸಿದರೆ ಆವರೆಗೆ ಆದ ಕೆಲಸಕ್ಕೆ ಎಷ್ಟು ಕೊಡಬೇಕೆಂಬ ಸಾಲನ್ನು ಮುಂದಿನ ಕರಾರಿನಲ್ಲಿ ತಪ್ಪದೆ ಸೇರಿಸಿ.

ಮಾದರಿಗಾಗಿ ಉಚಿತ ಕೆಲಸ ಕೇಳಬೇಡಿ. ಒಂದೆರಡು ವಿವರಣೆಗಳೇ ಇರಲಿ, ಪೂರ್ತಿ ದರ ಕೊಟ್ಟು ಬರೆಸಿ. ಕೈತುಂಬ ಕೆಲಸ ಇರುವವರು ಉಚಿತ ಪರೀಕ್ಷೆಗೆ ಬರುವುದಿಲ್ಲ, ಹಾಗಾಗಿ ಆ ಪರೀಕ್ಷೆ ನಿಮಗೆ ಬೇಕಾದವರನ್ನೇ ದೂರವಿಡುತ್ತದೆ.

ವೇದಿಕೆಗಳ ಬಗ್ಗೆ ಕೇಳಿದ್ದೀರಿ. 1999ರಲ್ಲಿ ಆರಂಭವಾದ ಈಲ್ಯಾನ್ಸ್ ಮತ್ತು 2003ರ ಓಡೆಸ್ಕ್ ಒಂದಾಗಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಪಡೆದವು. 2010ರಲ್ಲಿ ಬಂದ ಫೈವರ್ ಇನ್ನೊಂದು ದೊಡ್ಡ ವೇದಿಕೆ. ಎರಡರ ರೀತಿಯೂ ಬೇರೆ. ಅಪ್‌ವರ್ಕ್‌ನಲ್ಲಿ ನೀವು ಕೆಲಸವನ್ನು ಪ್ರಕಟಿಸಿ ಬಂದ ಪ್ರಸ್ತಾವಗಳಲ್ಲಿ ಆರಿಸುತ್ತೀರಿ. ಫೈವರ್‌ನಲ್ಲಿ ಮುಖ್ಯವಾಗಿ ಕೆಲಸಗಾರರೇ ತಮ್ಮ ಸೇವೆಯನ್ನು ದರದೊಂದಿಗೆ ಪಟ್ಟಿಮಾಡಿರುತ್ತಾರೆ. ನಿಗದಿತ ಮೊತ್ತದ ಕೆಲಸದಲ್ಲಿ ಎರಡೂ ವೇದಿಕೆಗಳು ನಿಮ್ಮ ಹಣವನ್ನು ಮೊದಲೇ ಪಡೆದು ತಡೆಹಿಡಿದಿಟ್ಟು, ನೀವು ಒಪ್ಪಿದ ಮೇಲೆ ಕೆಲಸಗಾರರಿಗೆ ಬಿಡುಗಡೆ ಮಾಡುತ್ತವೆ. ಅಪರಿಚಿತರ ನಡುವೆ ಈ ವ್ಯವಸ್ಥೆಯೇ ವೇದಿಕೆಯ ನಿಜವಾದ ಉಪಯೋಗ. ಆದರೆ ಒಂದು ಎಚ್ಚರಿಕೆ ಇರಲಿ: ಅಪ್‌ವರ್ಕ್‌ನ ನಿಗದಿತ ಮೊತ್ತದ ಕೆಲಸದಲ್ಲಿ ಸಲ್ಲಿಕೆಯಾದ 14 ದಿನಗಳೊಳಗೆ ನೀವು ಏನೂ ಹೇಳದಿದ್ದರೆ ಹಣ ತಾನಾಗಿಯೇ ಬಿಡುಗಡೆಯಾಗುತ್ತದೆ, ಫೈವರ್‌ನಲ್ಲಿ ಆ ಅವಧಿ ಸಾಮಾನ್ಯವಾಗಿ 3 ದಿನ. ಅಲ್ಲಿ ಪರಿಚಯವಾದವರೊಡನೆ ವೇದಿಕೆಯ ಹೊರಗೆ ವ್ಯವಹರಿಸುವುದು ನಿಯಮಭಂಗ. ಅಪ್‌ವರ್ಕ್‌ನಲ್ಲಿ ಆ ನಿರ್ಬಂಧ ಎರಡು ವರ್ಷದವರೆಗೆ ಇರುತ್ತದೆ. ಕೆಲಸಗಾರರ ಗಳಿಕೆಯಲ್ಲಿ ವೇದಿಕೆಯ ಪಾಲೂ ಇರುತ್ತದೆ, ಫೈವರ್ ಶೇ. 20ರಷ್ಟನ್ನು ಕಡಿತ ಮಾಡುತ್ತದೆ. ನೀವು ಕೊಟ್ಟ ಹಣವೆಲ್ಲ ಅವರ ಕೈಗೆ ಸೇರುವುದಿಲ್ಲವೆಂಬುದನ್ನು ದರದ ಮಾತುಕತೆಯಲ್ಲಿ ನೆನಪಿಡಿ. ತಿಂಗಳು ತಿಂಗಳು ಮುಂದುವರಿಯುವ ಲೆಕ್ಕಪತ್ರದಂತಹ ಕೆಲಸಕ್ಕೆ ಪರಿಚಿತರ ಶಿಫಾರಸೇ ಮೇಲೆಂದು ನನ್ನ ಅಭಿಪ್ರಾಯ.

ಕೊನೆಯದಾಗಿ, ಹಣವನ್ನು ಹೇಳಿದ ದಿನಕ್ಕೆ ಕೊಡಿ. ತಡವಾದ ಪಾವತಿ ಎಷ್ಟು ವ್ಯಾಪಕವಾದ ಸಮಸ್ಯೆಯೆಂದರೆ ಅದಕ್ಕಾಗಿ ಕಾನೂನುಗಳೇ ಬಂದಿವೆ. ನ್ಯೂಯಾರ್ಕ್ ನಗರದಲ್ಲಿ 2017ರಿಂದ ಜಾರಿಯಲ್ಲಿರುವ ಕಾನೂನು, ನಿಗದಿತ ಮೊತ್ತವನ್ನು ಮೀರಿದ ಫ್ರೀಲಾನ್ಸ್ ಕೆಲಸಕ್ಕೆ ಲಿಖಿತ ಕರಾರನ್ನು ಕಡ್ಡಾಯ ಮಾಡಿ, ಬೇರೆ ದಿನ ಗೊತ್ತುಮಾಡದಿದ್ದರೆ ಕೆಲಸ ಮುಗಿದ 30 ದಿನಗಳೊಳಗೆ ಹಣ ಕೊಡಬೇಕೆನ್ನುತ್ತದೆ. ಸಮಯಕ್ಕೆ ಕೊಡುವವರೆಂಬ ಹೆಸರಿದ್ದರೆ, ನಿಮಗೆ ತುರ್ತು ಬಂದ ದಿನ ನಮ್ಮಂಥವರು ಬೇರೆ ಕೆಲಸವನ್ನು ಬದಿಗಿಟ್ಟು ನಿಮ್ಮದನ್ನು ಕೈಗೆತ್ತಿಕೊಳ್ಳುತ್ತೇವೆ.

ಉತ್ತರ 3

ಕರಾರಿನ ಬಗ್ಗೆ ನಾನು ಬರೆಯುತ್ತೇನೆ, ನನ್ನ ವೃತ್ತಿ ಅದೇ. ನಿಮ್ಮ ದೇಶದ ಕಾನೂನಿಗೆ ತಕ್ಕಂತೆ ಸ್ಥಳೀಯ ವಕೀಲರಿಗೆ ಒಮ್ಮೆ ತೋರಿಸುವುದು ಅಗತ್ಯವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

"ಹಣ ಕೊಟ್ಟಿದ್ದೇನೆ, ಆದ್ದರಿಂದ ಅದು ನನ್ನದು" ಎಂದು ಬಹುತೇಕ ಎಲ್ಲರೂ ನಂಬಿರುತ್ತಾರೆ. ಬರಹ, ವಿನ್ಯಾಸ, ಸಾಫ್ಟ್‌ವೇರ್ ಇವುಗಳ ವಿಷಯದಲ್ಲಿ ಈ ನಂಬಿಕೆ ಅನೇಕ ದೇಶಗಳಲ್ಲಿ ತಪ್ಪು. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದದ ಪರಂಪರೆಯಲ್ಲಿ ಹಕ್ಕುಸ್ವಾಮ್ಯ ಯಾವ ನೋಂದಣಿಯೂ ಇಲ್ಲದೆ ಕೃತಿ ಹುಟ್ಟಿದೊಡನೆ ಹುಟ್ಟುತ್ತದೆ, ಮತ್ತು ಸಾಮಾನ್ಯವಾಗಿ ಅದನ್ನು ರಚಿಸಿದವರಿಗೆ ಸೇರುತ್ತದೆ. ನೌಕರರು ಉದ್ಯೋಗದ ಭಾಗವಾಗಿ ಮಾಡಿದ್ದು ಉದ್ಯೋಗದಾತರಿಗೆ ಸೇರಬಹುದು, ಆದರೆ ಫ್ರೀಲಾನ್ಸರ್ ನೌಕರರಲ್ಲ.

ಇದಕ್ಕೆ ಅಮೆರಿಕದ ಒಂದು ಮೊಕದ್ದಮೆ ಒಳ್ಳೆಯ ಉದಾಹರಣೆ. 1985ರಲ್ಲಿ ವಾಷಿಂಗ್ಟನ್‌ನಲ್ಲಿ ಮನೆಯಿಲ್ಲದವರ ಪರವಾಗಿ ಕೆಲಸ ಮಾಡುತ್ತಿದ್ದ ಕಮ್ಯುನಿಟಿ ಫಾರ್ ಕ್ರಿಯೇಟಿವ್ ನಾನ್‌ವಯಲೆನ್ಸ್ ಎಂಬ ಸಂಸ್ಥೆ ಜೇಮ್ಸ್ ಅರ್ಲ್ ರೀಡ್ ಎಂಬ ಶಿಲ್ಪಿಯಿಂದ ಒಂದು ಶಿಲ್ಪವನ್ನು ಮಾಡಿಸಿತು. ಕಲ್ಪನೆ ಸಂಸ್ಥೆಯದು, ಹಣವೂ ಅವರದೇ. ಸಂಸ್ಥೆಯವರು ಶಿಲ್ಪಿಯ ಕಾರ್ಯಶಾಲೆಗೆ ಹೋಗಿ ಹೀಗಿರಲಿ ಹಾಗಿರಲಿ ಎಂದು ಸಲಹೆಯನ್ನೂ ಕೊಟ್ಟಿದ್ದರು. ಹಕ್ಕುಸ್ವಾಮ್ಯದ ಮಾತನ್ನು ಮಾತ್ರ ಇಬ್ಬರೂ ಎತ್ತಿರಲಿಲ್ಲ, ಬರಹದಲ್ಲಿ ಕರಾರೂ ಇರಲಿಲ್ಲ. ಶಿಲ್ಪವನ್ನು ಬೇರೆ ಊರುಗಳಿಗೆ ಪ್ರದರ್ಶನಕ್ಕೆ ಒಯ್ಯುವ ವಿಷಯದಲ್ಲಿ ಜಗಳ ಹುಟ್ಟಿ, ಇಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಹಕ್ಕುಸ್ವಾಮ್ಯ ನೋಂದಣಿಗೆ ಹೋದರು. 1989ರಲ್ಲಿ ಸುಪ್ರೀಂ ಕೋರ್ಟ್, ರೀಡ್ ತಮ್ಮದೇ ಉಪಕರಣಗಳಿಂದ, ತಮ್ಮದೇ ಜಾಗದಲ್ಲಿ, ತಮ್ಮದೇ ವೇಳೆಯಲ್ಲಿ, ಒಂದೇ ಒಂದು ಕೆಲಸಕ್ಕಾಗಿ ನೇಮಕಗೊಂಡ ಸ್ವತಂತ್ರ ಗುತ್ತಿಗೆದಾರರಾದ್ದರಿಂದ, ಅದು ನೌಕರರ ಕೃತಿಯಂತೆ ಸಂಸ್ಥೆಗೆ ಸೇರುವುದಿಲ್ಲವೆಂದು ತೀರ್ಪಿತ್ತಿತು. ಇಬ್ಬರೂ ಜಂಟಿ ಕರ್ತೃಗಳೇ ಎಂಬ ಪ್ರಶ್ನೆ ಕೆಳಗಿನ ನ್ಯಾಯಾಲಯಕ್ಕೆ ಮರಳಿತು. ಎರಡು ಸಾಲಿನ ಬರಹವೊಂದಿದ್ದರೆ ಈ ಇಡೀ ಹೋರಾಟ ಬೇಕಾಗುತ್ತಿರಲಿಲ್ಲ.

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರವೂ ರಚಿಸಿದವರೇ ಮೊದಲ ಒಡೆಯರು. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರ, ಬರೆಸಿದ ಚಿತ್ರ, ಮಾಡಿಸಿದ ಚಲನಚಿತ್ರದಂತಹ ಕೆಲವಕ್ಕೆ, ಬೇರೆ ಕರಾರಿಲ್ಲದಿದ್ದರೆ, ಮಾಡಿಸಿದವರೇ ಒಡೆಯರೆಂಬ ವಿನಾಯಿತಿ ಇದೆ. ಉತ್ಪನ್ನ ವಿವರಣೆಗೂ ಜಾಲತಾಣದ ಕೋಡ್‌ಗೂ ಆ ವಿನಾಯಿತಿ ಇಲ್ಲ. 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು ಕೊಡುವವರ ಸಹಿ ಹೊಂದಿರಬೇಕು. ಅವಧಿಯನ್ನು ಬರೆಯದಿದ್ದರೆ 5 ವರ್ಷ ಮಾತ್ರವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಪರಿಗಣಿಸಲಾಗುತ್ತದೆ. "ಎಲ್ಲ ಹಕ್ಕುಗಳೂ ನಮಗೆ" ಎಂಬ ಒಂದು ಸಾಲು ಸಾಲದೆಂಬುದು ಇದರಿಂದ ತಿಳಿಯುತ್ತದೆ. ಯಾವ ಕೃತಿ, ಯಾವ ಹಕ್ಕುಗಳು, ಎಷ್ಟು ಕಾಲ, ಯಾವ ಪ್ರದೇಶ ಎಂಬುದನ್ನು ಬಿಡಿಸಿ ಬರೆಯಿರಿ. ಪೂರ್ತಿ ಹಣ ಸಂದಾಯವಾದ ದಿನ ಹಕ್ಕು ವರ್ಗಾವಣೆಯಾಗುತ್ತದೆ ಎಂದು ಬರೆದರೆ ಕೆಲಸಗಾರರ ಹಿತವೂ ಉಳಿಯುತ್ತದೆ.

ಫ್ರೀಲಾನ್ಸರ್ ಬಳಸಿದ ಬೇರೆಯವರ ವಸ್ತುಗಳು ಇನ್ನೊಂದು ವಿಷಯ. ಫಾಂಟ್, ಖರೀದಿಸಿದ ಚಿತ್ರ, ಜಾಲತಾಣದ ಥೀಮ್, ಮುಕ್ತ ತಂತ್ರಾಂಶದ ಭಾಗಗಳು ಇವುಗಳ ಮೇಲೆ ಅವರಿಗೇ ಒಡೆತನವಿಲ್ಲದಿರುವಾಗ ನಿಮಗೆ ವರ್ಗಾಯಿಸಲು ಬರುವುದಿಲ್ಲ. ಏನೇನನ್ನು ಬಳಸಿದ್ದಾರೆ, ಪರವಾನಗಿ ಯಾರ ಹೆಸರಿನಲ್ಲಿದೆ ಎಂಬ ಪಟ್ಟಿಯನ್ನು ಕೊನೆಯ ಕಂತಿಗೆ ಮುನ್ನ ಪಡೆಯಿರಿ. ಲೋಗೊ ಮಾಡಿಸಿದರೆ ಬರಿಯ ಚಿತ್ರದ ಫೈಲ್ ಸಾಲದು, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ವೆಕ್ಟರ್ ಮೂಲ ಫೈಲನ್ನೂ ಕೇಳಿ. ನಿಮ್ಮ ಗ್ರಾಹಕರ ಹೆಸರು, ವಿಳಾಸ, ಲೆಕ್ಕದ ಅಂಕಿಅಂಶಗಳನ್ನು ಕೃತಕ ಬುದ್ಧಿಮತ್ತೆಯ ಸಾರ್ವಜನಿಕ ಸಾಧನಗಳಿಗೆ ಹಾಕಬಾರದೆಂಬ ಸಾಲನ್ನು ಈಗಿನ ಕರಾರುಗಳಲ್ಲಿ ನಾನು ತಪ್ಪದೆ ಸೇರಿಸುತ್ತಿದ್ದೇನೆ. ಬರವಣಿಗೆಗೆ ಅಂತಹ ಸಾಧನವನ್ನು ಬಳಸಬಹುದೇ ಬಾರದೇ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ.

ಖಾತೆಗಳ ವಿಷಯಕ್ಕೆ ಬಂದರೆ, ಡೊಮೇನ್, ಹೋಸ್ಟಿಂಗ್, ಕೋಡ್ ಇಡುವ ಗಿಟ್ ಭಂಡಾರ, ಪಾವತಿ ವ್ಯವಸ್ಥೆ, ಅಂಕಿಅಂಶ ನೋಡುವ ಖಾತೆ ಇವೆಲ್ಲವನ್ನೂ ನಿಮ್ಮ ಸಂಸ್ಥೆಯ ಇಮೇಲ್‌ನಿಂದ ನೀವೇ ತೆರೆದು, ನಿಮ್ಮ ಹಣದಲ್ಲೇ ಖರೀದಿಸಿ, ಕೆಲಸಗಾರರನ್ನು ಪ್ರತ್ಯೇಕ ಬಳಕೆದಾರರಾಗಿ ಸೇರಿಸಿ. ನಿಮ್ಮ ಪಾಸ್‌ವರ್ಡನ್ನು ಹಂಚಿಕೊಂಡರೆ ಕೆಲಸ ಮುಗಿದ ದಿನ ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಪ್ರತ್ಯೇಕ ಬಳಕೆದಾರರಾಗಿದ್ದರೆ ಒಂದು ಹೆಸರನ್ನು ತೆಗೆದರೆ ಸಾಕು. ನಿಮ್ಮ ಹಳೆಯ ಡೊಮೇನಿನ ಕೆಲಸವನ್ನು ಮುಂದೂಡಬೇಡಿ. ಆ ಡೆವಲಪರ್ ಇನ್ನೂ ಮಾತಿಗೆ ಸಿಗುತ್ತಿರುವಾಗಲೇ ಡೊಮೇನಿನ ವರ್ಗಾವಣೆಯನ್ನು ತಡೆಯುವ ಲಾಕ್ ತೆಗೆಸಿ, ವರ್ಗಾವಣೆಯ ಸಂಕೇತವನ್ನು ಪಡೆದು, ನಿಮ್ಮ ಸ್ವಂತ ಖಾತೆಗೆ ತಂದುಕೊಳ್ಳಿ. ಒಡೆಯರೆಂದು ದಾಖಲೆಯಲ್ಲಿರುವ ಹೆಸರೂ ನಿಮ್ಮದಾಗಬೇಕು, ಖಾತೆ ಬದಲಾದ ಮಾತ್ರಕ್ಕೆ ಅದು ತಾನಾಗಿ ಬದಲಾಗುವುದಿಲ್ಲ.

ಇನ್ನೊಂದು ಮಾತು. ಲೆಕ್ಕಪತ್ರದವರನ್ನು ದಿನವೂ ಇಂತಿಷ್ಟು ಗಂಟೆಗೆ ಹಾಜರಾಗಬೇಕು, ಬೇರೆಯವರ ಕೆಲಸ ಹಿಡಿಯಬಾರದು, ನಾವು ಹೇಳಿದ ರೀತಿಯಲ್ಲೇ ಮಾಡಬೇಕು ಎಂದು ಕಟ್ಟಿಹಾಕಿದರೆ, ಕಾಗದದಲ್ಲಿ ಫ್ರೀಲಾನ್ಸರ್ ಎಂದಿದ್ದರೂ ಕಾನೂನಿನ ಕಣ್ಣಿಗೆ ಅವರು ನೌಕರರಾಗಬಹುದು. ಕ್ಯಾಲಿಫೋರ್ನಿಯದಲ್ಲಿ 2018ರ ತೀರ್ಪು ಮತ್ತು 2020ರಿಂದ ಜಾರಿಗೆ ಬಂದ ಕಾನೂನು ಈ ವಿಷಯದಲ್ಲಿ ಬಹಳ ಬಿಗಿಯಾಗಿವೆ. ಬೇರೆ ಕಡೆಗಳಲ್ಲೂ ನಿಯಂತ್ರಣ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ ಪ್ರಶ್ನೆ. ಏನು ಬೇಕು, ಯಾವಾಗ ಬೇಕು ಎಂಬುದನ್ನು ನೀವು ಹೇಳಿ. ಹೇಗೆ ಮಾಡಬೇಕೆಂಬುದನ್ನು ಅವರಿಗೆ ಬಿಡಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬರಹಗಾರ್ತಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಉಳಿದ ಅರ್ಧ ಹಣವನ್ನು ಅವರಿಗೆ ಕಳುಹಿಸಲು ನಿರ್ಧರಿಸಿದ್ದೇನೆ.

ಒಂದು ಪ್ರಶ್ನೆ ಇನ್ನೂ ಉಳಿದಿದೆ. ವಿವರಣೆಗಳಿಗೆ ಒಂದೊಂದಕ್ಕೆ ಇಷ್ಟೆಂದೂ, ಲೆಕ್ಕಪತ್ರಕ್ಕೆ ತಿಂಗಳಿಗೆ ಇಷ್ಟೆಂದೂ ದರ ಗೊತ್ತುಮಾಡುವುದು ಸರಳವಾಗಿ ತೋರುತ್ತದೆ. ಜಾಲತಾಣಕ್ಕೆ ಮಾತ್ರ ಒಟ್ಟು ಮೊತ್ತವೇ ಗಂಟೆಯ ಲೆಕ್ಕವೇ ಎಂಬುದು ಸ್ಪಷ್ಟವಾಗಿಲ್ಲ. ಮುಂಗಡವಾಗಿ ಎಷ್ಟು ಕೊಡುವುದು ನ್ಯಾಯ?

ಉತ್ತರ 4

ಕಟ್ಟುವ ಹಂತಕ್ಕೆ ಒಟ್ಟು ಮೊತ್ತ, ಕಟ್ಟಿದ ನಂತರದ ನಿರ್ವಹಣೆಗೆ ಗಂಟೆಯ ಲೆಕ್ಕ ಎಂಬುದು ನನ್ನ ಅನುಭವ. ಆದರೆ ಮೊದಲ ಉತ್ತರದಲ್ಲಿ ಹೇಳಿದ ಯೋಜನೆಯ ಬರಹ ಕೈಯಲ್ಲಿದ್ದರೆ ಮಾತ್ರ ಒಟ್ಟು ಮೊತ್ತಕ್ಕೆ ಅರ್ಥವಿದೆ. ಅದಿಲ್ಲದೆ ಮೊತ್ತ ನಿಗದಿ ಮಾಡಿದರೆ, ಪ್ರತಿ ಹೊಸ ಬೇಡಿಕೆಯೂ ಇದು ಒಪ್ಪಂದದ ಒಳಗಿನದೇ ಹೊರಗಿನದೇ ಎಂಬ ವಾದವಾಗುತ್ತದೆ. ಗಂಟೆಯ ಲೆಕ್ಕದಲ್ಲಿ ಅಪಾಯ ಕೊಳ್ಳುವವರ ಮೇಲೆ, ಒಟ್ಟು ಮೊತ್ತದಲ್ಲಿ ಮಾಡುವವರ ಮೇಲೆ. ಅನುಭವಿಗಳು ಆ ಅಪಾಯಕ್ಕೆ ಒಂದಿಷ್ಟು ಸೇರಿಸಿಯೇ ದರ ಹೇಳುತ್ತಾರೆ, ಅದು ಅನ್ಯಾಯವಲ್ಲ.

ಗಂಟೆಯ ಲೆಕ್ಕವಿದ್ದಲ್ಲಿ ವಾರಕ್ಕೆ ಗರಿಷ್ಠ ಎಷ್ಟು ಗಂಟೆಯೆಂಬ ಮಿತಿ ಇರಲಿ. ಅಪ್‌ವರ್ಕ್‌ನ ಗಂಟೆಯ ಕೆಲಸಗಳಲ್ಲಿ ಹತ್ತು ನಿಮಿಷಕ್ಕೊಮ್ಮೆಯಂತೆ ಕೆಲಸಗಾರರ ಪರದೆಯ ಚಿತ್ರ ತೆಗೆದಿಡುವ ಸೌಲಭ್ಯವಿದೆ. ನಾನು ಅದನ್ನು ಎಂದೂ ತೆರೆದು ನೋಡುತ್ತಾ ಕೂತಿಲ್ಲ, ನೀವೂ ಕೂರಬೇಡಿ. ವಾರದ ಕೊನೆಯಲ್ಲಿ ಏನೇನು ಮುಗಿಯಿತು, ಏನು ತಡೆದಿದೆ ಎಂದು ನಾಲ್ಕು ಸಾಲು ಬರೆದು ಕಳುಹಿಸಲು ಕೇಳಿದರೆ ಅದಕ್ಕಿಂತ ಹೆಚ್ಚು ತಿಳಿಯುತ್ತದೆ.

ಮುಂಗಡಕ್ಕೆ ಎಲ್ಲೆಡೆ ಒಪ್ಪುವ ಒಂದೇ ನಿಯಮವಿಲ್ಲ. ಚಿಕ್ಕ ಕೆಲಸಕ್ಕೆ ಅರ್ಧ ಮುಂಗಡ, ಅರ್ಧ ಮುಗಿದ ಮೇಲೆ ಎಂಬುದನ್ನು ನಾನು ಒಪ್ಪುತ್ತೇನೆ. ಜಾಲತಾಣದಂತಹ ದೊಡ್ಡ ಕೆಲಸವನ್ನು ನಾಲ್ಕೈದು ಹಂತಗಳಾಗಿ ಒಡೆದು, ಪ್ರತಿ ಹಂತಕ್ಕೂ ಕಣ್ಣಿಗೆ ಕಾಣುವ, ಪರೀಕ್ಷಿಸಬಹುದಾದ ಫಲಿತವನ್ನು ಹೆಸರಿಸಿ, ಅದು ಬಂದಾಗ ಆ ಹಂತದ ಹಣ ಕೊಡುತ್ತೇನೆ. "ಅರ್ಧ ಕೆಲಸ ಆಗಿದೆ" ಎಂಬುದು ಹಂತವಲ್ಲ. "ಗ್ರಾಹಕರು ಒಂದು ವಸ್ತುವನ್ನು ಆರಿಸಿ, ಪರೀಕ್ಷಾ ಪಾವತಿ ಮಾಡಿ, ದೃಢೀಕರಣದ ಇಮೇಲ್ ಪಡೆಯಬಹುದು" ಎಂಬುದು ಹಂತ. ಕೊನೆಯ ಹಂತವನ್ನು ಹಸ್ತಾಂತರಕ್ಕೇ ಮೀಸಲಿಡಿ: ಎಲ್ಲ ಖಾತೆಗಳ ಪಟ್ಟಿ, ಪರವಾನಗಿಗಳ ಪಟ್ಟಿ, ತಾಣವನ್ನು ಬೇರೆ ಕಡೆ ಮತ್ತೆ ನಿಲ್ಲಿಸುವುದು ಹೇಗೆಂಬ ಟಿಪ್ಪಣಿ. ಆ ಟಿಪ್ಪಣಿಯನ್ನು ಹಿಡಿದು ಇನ್ನೊಬ್ಬ ಡೆವಲಪರ್ ತಾಣವನ್ನು ಮೇಲೆಬ್ಬಿಸಬಲ್ಲರೇ ಎಂದು ಒಂದೆರಡು ಗಂಟೆಯ ಹಣ ಕೊಟ್ಟು ಪರೀಕ್ಷಿಸಿ ನೋಡಿದ ಮೇಲೆಯೇ ಕೊನೆಯ ಕಂತು ಕೊಡುತ್ತೇನೆಂದು ಮೊದಲೇ ತಿಳಿಸಿರುತ್ತೇನೆ. ಇದುವರೆಗೆ ಯಾರೂ ಅದಕ್ಕೆ ಬೇಸರಿಸಿಲ್ಲ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ನಿಮ್ಮೆಲ್ಲರ ಉತ್ತರಗಳನ್ನು ಮುಂದಿಟ್ಟುಕೊಂಡು ನಿನ್ನೆ ಮೂರು ಉತ್ಪನ್ನಗಳ ವಿವರಣೆ ಬರೆಯಲು ಕೂತೆ. ಎರಡನೆಯದರಲ್ಲೇ ಒಂದು ವಿಷಯ ಬಯಲಾಯಿತು: ಆ ಉತ್ಪನ್ನದ ಅಳತೆ ನಮ್ಮ ಹಳೆಯ ತಾಣದಲ್ಲಿ ಒಂದು ರೀತಿ, ಲೆಕ್ಕದ ಕಡತದಲ್ಲಿ ಇನ್ನೊಂದು ರೀತಿ ಇತ್ತು. ಆ ಬರಹಗಾರ್ತಿ ಅದರ ಬಗ್ಗೆ ಎರಡು ಬಾರಿ ಕೇಳಿದ್ದುದು ಆಗ ನೆನಪಾಯಿತು. ಹಾಗಾಗಿ ಯಾರನ್ನಾದರೂ ಹುಡುಕುವ ಮುನ್ನ 120 ಉತ್ಪನ್ನಗಳ ವಾಸ್ತವ ವಿವರಗಳ ಪಟ್ಟಿಯನ್ನು ನಾವು ನಾಲ್ವರೇ ಈ ತಿಂಗಳು ಸರಿಪಡಿಸುತ್ತೇವೆ. ಅಂತಿಮ ಒಪ್ಪಿಗೆ ನನ್ನದೆಂದು ನಮ್ಮೊಳಗೆ ತೀರ್ಮಾನವಾಗಿದೆ. ಡೊಮೇನಿನ ಬಗ್ಗೆ ಹಳೆಯ ಡೆವಲಪರ್‌ಗೆ ಬರೆದಿದ್ದೆ. ಅವರು ಇಂದು ಬೆಳಿಗ್ಗೆ ಉತ್ತರಿಸಿ, ವರ್ಗಾವಣೆಯ ಸಂಕೇತವನ್ನು ಈ ವಾರದೊಳಗೆ ಕಳುಹಿಸುವುದಾಗಿ ತಿಳಿಸಿದ್ದಾರೆ. ಅವರ ಆ ಸಮಯಕ್ಕೂ ಇನ್‌ವಾಯ್ಸ್ ಕಳುಹಿಸುವಂತೆ ಕೇಳಿಕೊಂಡಿದ್ದೇನೆ.